ನಂದಿ ಬೆಟ್ಟದ ತರಗೆಲೆಯನ್ನು ಅಲ್ಲೇ ಬಿಡಿ: ಸೂರ್ಯೋದಯಕ್ಕೆ ಬರುವವರಿಗೆ ಒಂದು ಬಹಿರಂಗ ಪತ್ರ

ನಂದಿ ಬೆಟ್ಟಕ್ಕೆ ಬರುವ ಎಲ್ಲರಿಗೂ ನಮಸ್ಕಾರ.

ಅದರಲ್ಲೂ ಜನವರಿಯ ಒಂದು ಭಾನುವಾರ ನಮ್ಮ ಗುಂಪಿನ ಜೊತೆ ಎರಡು ಗಂಟೆ ನಡೆದು, ಕೊನೆಗೆ "ಎಲ್ಲಾ ಚೆನ್ನಾಗಿದೆ, ಆದ್ರೆ ಇಲ್ಲಿ ಎಲೆ ಗುಡಿಸೋರೇ ಇಲ್ವಲ್ಲ, ಒಂದು ಕಂಪ್ಲೇಂಟ್ ಹಾಕಬೇಕು" ಎಂದು ಫೋನ್ ತೆಗೆದ ಸರ್, ನಿಮಗೆ. ಅವತ್ತು ನಾನು ಸುಮ್ನೆ ನಕ್ಕುಬಿಟ್ಟೆ. ಹದಿನಾಲ್ಕು ಜನರ ಮುಂದೆ ನಿಮ್ಮ ಮಾತನ್ನು ತಳ್ಳಿಹಾಕಿದ ಹಾಗಾಗುತ್ತದೆ ಅನ್ನಿಸಿತು. ಮನೆಗೆ ಬಂದ ಮೇಲೆ ಬೇಜಾರಾಯಿತು. ನೀವು ಕೇಳಿದ್ದು ತಪ್ಪೇನಲ್ಲ. ಬೆಟ್ಟ ಚೊಕ್ಕಟವಾಗಿರಲಿ ಅನ್ನುವ ಆಸೆಯಿಂದಲೇ ಕೇಳಿದಿರಿ. ಆದರೆ ಆ ಕಂಪ್ಲೇಂಟ್ ನಿಜವಾಗಿ ಹೋಗಿ, ಯಾರಾದರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡರೆ, ನಾವು ಅವತ್ತು ನೋಡಿದ ಹಕ್ಕಿ ಮುಂದಿನ ವರ್ಷ ಅಲ್ಲಿರುವುದಿಲ್ಲ. ಅದಕ್ಕೇ ಈ ಕಾಗದ.

ನಾನು ಬೆಟ್ಟದ ಬುಡದವನು. ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ಹೊಲಗಳ ಊರು ನಮ್ಮದು. ಚಿಕ್ಕವನಿದ್ದಾಗ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಹತ್ತಿ ಹೋಗುತ್ತಿದ್ದೆವು. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಈಗ ಮೊಣಕಾಲು ಒಪ್ಪುವುದಿಲ್ಲ, ಗಾಡಿಯಲ್ಲೇ ಹೋಗುತ್ತೇನೆ. ತಿಂಗಳಿಗೊಂದು ಭಾನುವಾರ ನಾವೊಂದಿಷ್ಟು ಜನ ಸೇರಿ ಮೇಲಿನ ತೋಟ ಮತ್ತು ಅದರ ಪಕ್ಕದ ಕಾಡಿನ ಅಂಚಿನಲ್ಲಿ ಹಕ್ಕಿ ನೋಡುತ್ತ ನಿಧಾನವಾಗಿ ನಡೆಯುತ್ತೇವೆ. ಸಂಘ ಅಲ್ಲ, ಫೀಸೂ ಇಲ್ಲ. ಹದಿನೈದು ಜನಕ್ಕಿಂತ ಜಾಸ್ತಿ ಸೇರಿಸಿಕೊಳ್ಳುವುದಿಲ್ಲ ಅನ್ನುವುದೊಂದೇ ನಿಯಮ.

ಭಾನುವಾರ ಬೆಳಗಿನ ಸಂಭ್ರಮ ನಿಮಗೇ ಗೊತ್ತು. ಕತ್ತಲಲ್ಲೇ ಬೆಂಗಳೂರು ಬಿಟ್ಟು, ಅರವತ್ತು ಕಿಲೋಮೀಟರ್ ಬಂದು, ಗೇಟಿನ ಹತ್ತಿರ ಗಾಡಿಗಳ ಸಾಲಿನಲ್ಲಿ ಕಾದು ಮೇಲೆ ಬರುತ್ತೀರಿ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲಿನ ಸುಮಾರಿಗೆ. ಎಷ್ಟೋ ಸಲ ಮೋಡ ಮುಚ್ಚಿ ಏನೂ ಕಾಣುವುದಿಲ್ಲ. ಕಂಡರೂ ಐದು ನಿಮಿಷ. ಆಮೇಲೆ ಚಹಾ, ಬಜ್ಜಿ, ಟಿಪ್ಪು ಡ್ರಾಪ್ ಅನ್ನುವ ಪ್ರಪಾತದ ಹತ್ತಿರ ಫೋಟೋ. ಎಂಟು ಗಂಟೆಗೆಲ್ಲ ಗಾಡಿಗಳು ಇಳಿಯಲು ಶುರು. ನಮ್ಮ ನಡಿಗೆ ಆಗ ಶುರುವಾಗುತ್ತದೆ.

ಮೇಲಿನ ತೋಟ ತೋಟಗಾರಿಕೆ ಇಲಾಖೆಯದು. ಹುಲ್ಲುಹಾಸು, ಹೂವಿನ ಮಡಿ, ಕತ್ತರಿಸಿದ ಬೇಲಿಗಿಡ. ಚೆನ್ನಾಗಿಟ್ಟಿದ್ದಾರೆ. ಟಿಪ್ಪುವಿನ ಬೇಸಿಗೆ ಮನೆ, ಬ್ರಿಟಿಷರ ಕಾಲದ ಕಮಿಷನರ್ ಕಬ್ಬನ್ ಸಾಹೇಬರಿಗಾಗಿ ಕನಿಂಗ್‌ಹ್ಯಾಮ್ ಅನ್ನುವ ಅಧಿಕಾರಿ ಕಟ್ಟಿಸಿದ ಬಂಗಲೆ, ಯೋಗನಂದೀಶ್ವರನ ಗುಡಿ, ಅಮೃತ ಸರೋವರ ಎಲ್ಲವೂ ಈ ತೋಟದ ಸುತ್ತಮುತ್ತಲೇ. 1927ರಲ್ಲಿ, ಮತ್ತೆ 1936ರಲ್ಲಿ ಗಾಂಧೀಜಿ ಇಲ್ಲಿಗೆ ಬಂದು ತಂಗಿದ್ದರು. ಮೈ ಹುಷಾರಿಲ್ಲದವರಿಗೆ ಬೇಕಾದ ತಂಪು, ನಿಶ್ಶಬ್ದ ಎರಡೂ ಇಲ್ಲಿತ್ತು. ತಂಪು ಇನ್ನೂ ಇದೆ.

ಹುಲ್ಲುಹಾಸು ಮುಗಿಯುವ ಕಡೆ ನೆಲ ಇಳಿಯಲು ಶುರುವಾಗುತ್ತದೆ. ಅಲ್ಲಿಂದ ಮುಂದಿನದು ಯಾರೂ ಕತ್ತರಿಸಿ ಅಂದ ಮಾಡದ ಕಾಡು. ಬೆಟ್ಟದ ಎತ್ತರ 1478 ಮೀಟರ್. ಬೆಂಗಳೂರಿಗಿಂತ ಐನೂರು ಮೀಟರಿಗೂ ಜಾಸ್ತಿ ಎತ್ತರ. ಕೆಳಗೆಲ್ಲ ಬಂಡೆ, ಕುರುಚಲು, ಲಂಟಾನ. ನೆತ್ತಿಯ ಹತ್ತಿರ ಮಾತ್ರ ಮೋಡ ತಗುಲುವುದರಿಂದ ಸದಾ ಹಸಿರಾಗಿರುವ ಒಂದು ಸಣ್ಣ ಕಾಡು ಬೆಳೆದಿದೆ. ಮರದ ಮೈಯೆಲ್ಲ ಪಾಚಿ, ಜರಿಗಿಡ. ಆ ಮರಗಳ ಕೆಳಗೆ ಯಾರೋ ಯಾವ ಕಾಲದಲ್ಲೋ ನೆಟ್ಟು ಬಿಟ್ಟುಹೋದ ಕಾಫಿ ಗಿಡಗಳು ಕಾಡುಪಾಲಾಗಿ ನಿಂತಿವೆ. ಮಂಜಿನ ದಿನ ಅಲ್ಲಿ ನಿಂತರೆ ಮಳೆಯಿಲ್ಲದೆಯೂ ತಲೆಯ ಮೇಲೆ ಹನಿ ಬೀಳುತ್ತದೆ. ಎಲೆಗಳು ಮಂಜನ್ನು ಹಿಡಿದು ಹಿಡಿದು, ಭಾರವಾದಾಗ ತೊಟ್ಟಿಕ್ಕಿಸುತ್ತವೆ. ಆ ಹನಿ ಬೀಳುವುದು ತರಗಿನ ಮೇಲೆ.

ತರಗು ಅಂದರೆ ನಿಮ್ಮಲ್ಲಿ ಕೆಲವರಿಗೆ ಹೊಸ ಮಾತಿರಬಹುದು. ಉದುರಿ ಒಣಗಿದ ಎಲೆ. ನೀವು ಕಸ ಅಂದಿದ್ದು ಅದನ್ನೇ.

ಅವತ್ತು ಏನಾಯಿತು ನೆನಪಿದೆಯಾ? ಹಕ್ಕಿ ಕಾಣುವ ಮುಂಚೆ ಸದ್ದು ಕೇಳಿತು. ಚರಕ್. ಆಮೇಲೆ ಏನೂ ಇಲ್ಲ. ಮತ್ತೆ ಚರಕ್, ಚರಕ್. ಒಂಬತ್ತು ವರ್ಷದ ಹುಡುಗ "ಇಲಿ" ಅಂದ. ಎಲ್ಲರೂ ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತೆವು. ಹತ್ತು ಅಡಿ ದೂರದ ಕಾಫಿ ಗಿಡದ ಬುಡದಲ್ಲಿ ಒಂದು ಎಲೆ ತಾನಾಗೇ ಎದ್ದು ಪಕ್ಕಕ್ಕೆ ಬಿತ್ತು. ಅದರ ಹಿಂದೆ ಕಪ್ಪು ಬಿಳಿ ಮೈ, ಕಣ್ಣಿನ ಮೇಲೆ ದಪ್ಪನೆಯ ಬಿಳಿ ಹುಬ್ಬು. ಪೈಡ್ ಥ್ರಶ್, ಗಂಡು. ಕೊಕ್ಕಿನಿಂದ ಒಂದು ಎಲೆ ಹಿಡಿಯುವುದು, ಪಕ್ಕಕ್ಕೆ ಎಸೆಯುವುದು, ತಲೆ ವಾಲಿಸಿ ನೋಡುವುದು, ಇನ್ನೊಂದು ಎಲೆ. ನಮ್ಮ ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಹಾಗೆ. ಎಂಟನೆಯದೋ ಒಂಬತ್ತನೆಯದೋ ಎಲೆಯ ಕೆಳಗೆ ಏನೋ ಸಿಕ್ಕಿತು. ನುಂಗಿ ಮುಂದೆ ಹೋಯಿತು. ನೀವು ನನ್ನ ಪಕ್ಕದಲ್ಲೇ ಇದ್ದಿರಿ ಸರ್, ಉಸಿರು ಬಿಗಿ ಹಿಡಿದುಕೊಂಡು. ನಾನು ಹಕ್ಕಿ ನೋಡುವುದು ಬಿಟ್ಟು ನಿಮ್ಮನ್ನೇ ಒಂದು ಸಲ ನೋಡಿದೆ.

ಆ ಹಕ್ಕಿ ಮರಿ ಮಾಡುವುದು ಹಿಮಾಲಯದಲ್ಲಿ. ಚಳಿಗಾಲಕ್ಕೆ ದಕ್ಷಿಣ ಭಾರತ, ಶ್ರೀಲಂಕಾ ಕಡೆ ಬರುತ್ತದೆ. ಹಿಮಾಲಯದ ತಪ್ಪಲಿಂದ ನಂದಿಗೆ ನೇರ ಗೆರೆ ಎಳೆದರೂ ಒಂದೂವರೆ ಸಾವಿರ ಕಿಲೋಮೀಟರಿಗೂ ಜಾಸ್ತಿ. ನೀಲಿ ರಾಬಿನ್ನೂ ಹೀಗೇ ಹಿಮಾಲಯದಿಂದ ಬರುವ ಸಂಕೋಚದ ಹಕ್ಕಿ. ನೀಲಿ ಬೆನ್ನು, ಕಿತ್ತಳೆ ಎದೆ, ಪೊದೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಕಿತ್ತಳೆ ತಲೆಯ ನೆಲಸಿಳ್ಳಾರವೂ ಇದೆ. ಇವೆಲ್ಲ ನೆಲದ ಹಕ್ಕಿಗಳು. ಇವುಗಳ ಊಟದ ಎಲೆಯೇ ತರಗು. ಅದನ್ನು ಗುಡಿಸಿದರೆ ಅಷ್ಟು ದೂರದಿಂದ ಬಂದ ನೆಂಟರ ಮುಂದಿನ ಬಾಳೆ ಎಲೆಯನ್ನು ಬಡಿಸುವ ಮೊದಲೇ ಎತ್ತಿದ ಹಾಗೆ.

ಎಲೆಯ ಕೆಳಗೆ ಏನಿದೆ ಅಂತ ತೋರಿಸಿದ್ದು ನಾನಲ್ಲ, ನಮ್ಮ ಜೊತೆ ಬಂದಿದ್ದ ಅಜ್ಜಿ. ದಾರಿಯ ಪಕ್ಕ ಕೂತು, ಬಳೆ ಹಿಂದಕ್ಕೆ ಸರಿಸಿ, ಒಂದು ಬೊಗಸೆಯಷ್ಟು ಜಾಗದಲ್ಲಿ ಪದರ ಪದರವಾಗಿ ಬಿಡಿಸಿದರು. ಮೇಲೆ ಗರಿಗರಿ ಎಲೆ. ಅದರಡಿ ಮೆತ್ತಗಾಗಿ ಕಪ್ಪಾದ ಎಲೆ, ಅದಕ್ಕೆ ಹತ್ತಿಯ ನೂಲಿನಂಥ ಬಿಳಿ ಶಿಲೀಂಧ್ರ. ಅದರಡಿ ಬರೀ ನರ ಉಳಿದು ಸೊಳ್ಳೆಪರದೆಯ ಹಾಗಾದ ಎಲೆ. ಹುಡುಗ ಅದನ್ನು ಬೆಳಕಿಗೆ ಹಿಡಿದು ಅದರ ಮೂಲಕ ಬೆಟ್ಟ ನೋಡಿದ. ಕೊನೆಗೆ ಎಲೆಯೋ ಮಣ್ಣೋ ಹೇಳಲಾಗದ ಕಪ್ಪು ಪುಡಿ. ಅಷ್ಟರಲ್ಲಿ ಒಂದು ಸಾವಿರಕಾಲಿನ ಹುಳ ಚಕ್ಕುಲಿಯಂತೆ ಸುತ್ತಿಕೊಂಡಿತು, ಒಂದು ಎರೆಹುಳ ಒಳಗೆ ಜಾರಿತು, ಅಕ್ಕಿಕಾಳಿನಷ್ಟು ದೊಡ್ಡ ಬಸವನಹುಳ ಒಂದಿತ್ತು. ಅಜ್ಜಿ ಆ ಪುಡಿಯನ್ನು ಮೂಸಿ "ನಮ್ಮ ತಿಪ್ಪೇಲೂ ಇದೇ ವಾಸ್ನೆ ಕಣಪ್ಪ, ಮಳೆ ಬಂದ ಮಾರ್ನೇ ದಿನ" ಅಂದರು. ಆಮೇಲೆ ಪದರಗಳನ್ನೆಲ್ಲ ಅದೇ ಕ್ರಮದಲ್ಲಿ ವಾಪಸ್ ಮುಚ್ಚಿದರು. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ನೀರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ ಎಲ್ಲ ಈ ಬೆಟ್ಟಸಾಲಿನ ಸುತ್ತ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಓದಿದ್ದೇವೆ. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟುವುದು ಈಗ ಸುದ್ದಿಯೇ ಅಲ್ಲ. ಬರೀ ಬಂಡೆಯ ಮೇಲೆ ಬಿದ್ದ ಮಳೆ ಓಡಿಹೋಗುತ್ತದೆ. ತರಗಿನ ಮೇಲೆ ಬಿದ್ದ ಮಳೆ ಸ್ವಲ್ಪ ಹೊತ್ತು ಕೂತು, ಇಂಗಿ, ನಿಧಾನವಾಗಿ ಇಳಿಯುತ್ತದೆ. 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಜೋರು ಮಳೆಗೆ ಗುಡ್ಡ ಕುಸಿದು ಮೇಲಿನ ರಸ್ತೆ ಕೊಚ್ಚಿಹೋಗಿದ್ದು ನಿಮಗೂ ನೆನಪಿರಬೇಕು. ಅದು ತರಗಿಲ್ಲದೆ ಆಯಿತು ಅಂತ ನಾನು ಹೇಳುತ್ತಿಲ್ಲ. ಈ ಬೆಟ್ಟದ ಮಣ್ಣು ಎಷ್ಟು ತೆಳುವಾಗಿ ಬಂಡೆಯ ಮೇಲೆ ಕೂತಿದೆ ಅನ್ನುವುದನ್ನು ಅವತ್ತು ಎಲ್ಲರೂ ಕಣ್ಣಾರೆ ನೋಡಿದೆವು, ಅಷ್ಟೇ.

"ಎಲೆ ಅಂದ್ರೆ ಎಲೆ, ನೀಲಗಿರಿ ತೋಪಲ್ಲೂ ಬೇಕಾದಷ್ಟು ಬಿದ್ದಿದೆಯಲ್ಲ" ಅಂತ ಅವತ್ತು ನೀವು ಕೇಳಿದಿರಿ. ಒಳ್ಳೆಯ ಪ್ರಶ್ನೆ. ಇದಕ್ಕೊಂದು ಕತೆಯೇ ಇದೆ. ಭಾರತಕ್ಕೆ ನೀಲಗಿರಿ ಮರ ಮೊದಲು ಬಂದದ್ದೇ ನಂದಿಗೆ, 1790ರ ಸುಮಾರಿಗೆ ಟಿಪ್ಪು ಇಲ್ಲಿನ ಅರಮನೆ ತೋಟದಲ್ಲಿ ನೆಡಿಸಿದ ಎಂದು ಅರಣ್ಯದ ಪುಸ್ತಕಗಳು ಹೇಳುತ್ತವೆ. ಮುಂದೆ ದೇಶದ ತುಂಬ ಹರಡಿದ 'ಮೈಸೂರು ಗಮ್' ಅನ್ನುವ ನೀಲಗಿರಿ ತಳಿಯ ಮೂಲವೂ ಈ ಬೆಟ್ಟವೇ. ಎರಡು ಶತಮಾನ ಆದ ಮೇಲೆ, 2017ರಲ್ಲಿ, ನೀರು ಹೀರುತ್ತದೆ ಎಂಬ ಕಾರಣಕ್ಕೆ ಹೊಸದಾಗಿ ನೀಲಗಿರಿ ನೆಡುವುದನ್ನೇ ಕರ್ನಾಟಕ ಸರ್ಕಾರ ನಿಷೇಧಿಸಿತು. ಒಂದು ಮರದ ಪೂರ್ತಿ ಜಾತಕ ಒಂದೇ ಜಿಲ್ಲೆಯಲ್ಲಿ ಸಿಗುವುದು ಅಪರೂಪ, ಅಲ್ವಾ? ನೀಲಗಿರಿ ಎಲೆಯಲ್ಲಿ ಎಣ್ಣೆ. ಬೇಗ ಕೊಳೆಯುವುದಿಲ್ಲ. ಹುಳಗಳಿಗೂ ಅಷ್ಟಾಗಿ ಹಿಡಿಸುವುದಿಲ್ಲ. ತೋಪಿನಲ್ಲಿ ಐದು ನಿಮಿಷ ಕಿವಿಗೊಟ್ಟು ನಿಂತಾಗ ಕೇಳಿದ್ದು ಗಾಳಿ ಮತ್ತು ದೂರದ ಬೈಕ್ ಮಾತ್ರ. ಅಲ್ಲಿಂದ ಇನ್ನೂರು ಹೆಜ್ಜೆ ನಡೆದು ನೇರಳೆ, ಕಾಫಿ ಇರುವ ಕಡೆ ಬಂದಾಗ ಕುಟುರ, ಕೆಮ್ಮೀಸೆ ಪಿಕಳಾರ, ಕಾಜಾಣ ಹಕ್ಕಿಗಳೆಲ್ಲ ಒಟ್ಟಿಗೆ ಕೂಗಲು ಶುರು ಮಾಡಿದವು. ವ್ಯತ್ಯಾಸ ಮೊದಲು ಹೇಳಿದವರು ನೀವೇ.

ಈಗ ಕಂಪ್ಲೇಂಟ್ ವಿಷಯ. ಗುಡಿಸುವವರ ಕಡೆಯಿಂದಲೂ ಒಂದು ಸಲ ನೋಡೋಣ. ನಂದಿಯಲ್ಲ, ಬೇರೆ ಊರಿನ ಒಂದು ಪಾರ್ಕಿನಲ್ಲಿ ಹಿಂದೊಮ್ಮೆ ನಡೆದದ್ದು. ಮರಗಳ ಅಡಿ ಒಬ್ಬ ಅಕ್ಕ ಉದ್ದನೆಯ ಕಡ್ಡಿಪೊರಕೆಯಲ್ಲಿ ಎಲೆ ಎಲ್ಲ ಒಟ್ಟು ಮಾಡುತ್ತಿದ್ದರು. ಮೂಲೆಯಲ್ಲಿ ಆಗಲೇ ಒಂದು ರಾಶಿ ಹೊಗೆಯಾಡುತ್ತಿತ್ತು. ಎಲೆ ಬಿಡಬಹುದಲ್ವಾ ಅಂದೆ. ಅವರು ನಿಂತು, ಪೊರಕೆ ಊರಿಕೊಂಡು ಹೇಳಿದರು: "ಅಣ್ಣ, ಎಲೆ ಒಂದೇ ಇದ್ರೆ ನಂಗ್ಯಾಕೆ ಬೇಕು? ಅದರೊಳಗೆ ಚಿಪ್ಸ್ ಕವರ್, ಗುಟ್ಕಾ ಚೀಟಿ, ಬಾಟ್ಲಿ ಚೂರು. ಒಂದೊಂದೇ ಆರ್ಸಕ್ಕಾಯ್ತದಾ? ಗುಡಿಸ್ದೇ ಹೋದ್ರೆ ಯಾರೋ ಫೋಟೋ ತೆಗ್ದು ಹಾಕ್ತಾರೆ, ನಂಗೆ ಬೈಗುಳ."

ನನಗೆ ಅಲ್ಲಿಯವರೆಗೆ ಇದು ಹೊಳೆದಿರಲಿಲ್ಲ. ಎಲೆ ಹೋಗುವುದು ಎಲೆಯ ತಪ್ಪಿಗಲ್ಲ, ಅದರಲ್ಲಿ ಸೇರಿದ ಕವರಿನ ತಪ್ಪಿಗೆ. ಉದ್ದ ಪೊರಕೆಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡೂ ಒಂದೇ ರಾಶಿ, ಆಮೇಲೆ ಬೆಂಕಿ. ಕಸಕ್ಕೆ ಹೀಗೆ ಬೆಂಕಿ ಹಾಕಬಾರದು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು. ಆದರೆ ನಿಯಮ ಓದಿ ಯಾರೂ ಕಡ್ಡಿ ಗೀರುವುದಿಲ್ಲವಲ್ಲ.

ಹಾಗಾಗಿ ಬೆಟ್ಟಕ್ಕೆ ಬರುವ ನಿಮ್ಮೆಲ್ಲರಲ್ಲಿ ನಾನು ಕೇಳುವುದು ಇಷ್ಟು. ಗೋಡೆಯ ಆಚೆ, ಪೊದೆಯ ಒಳಗೆ ಕವರ್ ಎಸೆಯಬೇಡಿ. ಕಣ್ಣಿಗೆ ಕಾಣದ ಕಡೆ ಎಸೆದರೆ ಮರ್ಯಾದೆ ಉಳಿಯಿತು ಅಂದುಕೊಳ್ಳುತ್ತೇವೆ. ನಿಜವಾಗಿ ಹಾಳಾಗುವುದು ಆ ಕಾಣದ ಕಡೆಯೇ. ದಾರಿಯ ಮೇಲೆ ಬಿದ್ದ ಕಪ್ ಸಂಜೆಯೊಳಗೆ ಯಾರದ್ದೋ ಕೈ ಸೇರುತ್ತದೆ. ತರಗಿನೊಳಗೆ ಬಿದ್ದ ಕವರ್ ಹತ್ತು ವರ್ಷ ಅಲ್ಲೇ. ಮತ್ತೆ, ಕಾಡಿನ ಅಂಚಿನಲ್ಲಿ ಎಲೆ ಬಿದ್ದಿರುವುದನ್ನು ಕಂಡು ದೂರು ಕೊಡಬೇಡಿ. ಕವರ್ ಕಂಡರೆ ಖಂಡಿತ ಕೊಡಿ. ಕೋತಿಗೆ ಬಿಸ್ಕತ್ತು ಕೊಡುವವರಿಗೂ ಇದೇ ಮಾತು. ಕೋತಿ ಬಿಸ್ಕತ್ತು ತಿಂದು ಕವರನ್ನು ಡಸ್ಟ್‌ಬಿನ್ನಿಗೆ ಹಾಕುವುದಿಲ್ಲ.

ತೋಟ ನೋಡಿಕೊಳ್ಳುವವರಿಗೂ ಒಂದು ವಿನಂತಿ. ಮೆಟ್ಟಿಲು, ನಡೆಯುವ ದಾರಿ, ಗುಡಿಯ ಅಂಗಳ, ಹುಲ್ಲುಹಾಸು ದಿನಾ ಗುಡಿಸಿ. ಗುಡಿಸಲೇಬೇಕು. ಮಂಜಿನಲ್ಲಿ ಒದ್ದೆಯಾದ ಎಲೆಯ ಮೇಲೆ ಕಾಲಿಟ್ಟು ನಾನೇ ಒಂದು ಸಲ ಜಾರಿ ಬಿದ್ದಿದ್ದೇನೆ, ಕ್ಯಾಮೆರಾ ಉಳಿಯಿತು, ಸೊಂಟ ಒಂದು ವಾರ ಉಳಿಯಲಿಲ್ಲ. ಆದರೆ ಹುಲ್ಲು ಮುಗಿದು ಮರ ಶುರುವಾಗುವ ಗೆರೆ ದಾಟಿ ಪೊರಕೆ ಹೋಗದಿರಲಿ. ಆ ಗೆರೆಯಲ್ಲಿ ಒಂದು ಸಣ್ಣ ಬೋರ್ಡ್ ಇದ್ದರೆ ಸಾಕು: 'ಇಲ್ಲಿಂದ ಮುಂದೆ ಎಲೆ ಗುಡಿಸುವುದಿಲ್ಲ, ಹಕ್ಕಿಗಳು ಊಟ ಮಾಡುತ್ತವೆ.' ಕಂಪ್ಲೇಂಟ್ ಅರ್ಧ ಅಲ್ಲೇ ನಿಲ್ಲುತ್ತದೆ. ಗುಡಿಸಿದ ಎಲೆಯನ್ನೂ ಸುಡದೆ ಗುಂಡಿಯಲ್ಲಿ ಕೊಳೆಸಿದರೆ ಹೂವಿನ ಮಡಿಗೆ ಗೊಬ್ಬರ ಆಗುತ್ತದೆ. ಇದು ತೋಟದವರಿಗೆ ನಾನು ಹೇಳಿಕೊಡುವ ವಿಷಯ ಅಲ್ಲ, ಗೊತ್ತು.

ಎಲೆ ಬಿಟ್ಟರೆ ಬೆಂಕಿ ಬೀಳಲ್ವಾ ಅಂತ ಕೇಳುವವರಿದ್ದಾರೆ. ಫೆಬ್ರವರಿ ಕಳೆದ ಮೇಲೆ ಈ ಕಡೆಯ ಬೆಟ್ಟಗಳ ಇಳಿಜಾರಿನಲ್ಲಿ ಬೆಂಕಿ ಬೀಳುವುದು ನಿಜ. ಹೆಚ್ಚಾಗಿ ಅದು ಒಣಹುಲ್ಲಿಗೆ ಬೀಳುವ ಬೆಂಕಿ. ಹುಲ್ಲು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಯಾರೋ ಬೀಡಿ ಎಸೆದಿರುತ್ತಾರೆ, ಅಥವಾ ಬೇಕೆಂದೇ ಹಚ್ಚಿರುತ್ತಾರೆ. ಮೇಲಿನ ಹಸಿ ಕಾಡಿನ ತರಗು ಮುಟ್ಟಿ ನೋಡಿ, ಒಳಗೆ ಒದ್ದೆ ಇರುತ್ತದೆ. ಹಾವಿರುತ್ತೆ ಅನ್ನುವವರಿಗೆ ಉತ್ತರ ಇನ್ನೂ ಸುಲಭ. ಇರುತ್ತೆ. ದಾರಿ ಬಿಟ್ಟು ಇಳಿಯಬೇಡಿ.

ನಮ್ಮವರ ತಪ್ಪನ್ನೂ ಹೇಳದಿದ್ದರೆ ಈ ಪತ್ರ ಪೂರ್ತಿಯಾಗುವುದಿಲ್ಲ. ದೊಡ್ಡ ಲೆನ್ಸ್ ಹಿಡಿದ ಹಕ್ಕಿಪ್ರಿಯರು ಸ್ಪೀಕರ್ ಹಿಡಿದ ಹುಡುಗರಿಗಿಂತ ಮೇಲು ಅಂತ ನಾನು ಹೇಳಲಾರೆ. ಫೋಟೋ ಚೆನ್ನಾಗಿ ಬರಲಿ ಅಂತ ನೆಲಕ್ಕೆ ಹುಳ ಹಾಕುವವರಿದ್ದಾರೆ. ಫೋನಿನಲ್ಲಿ ಹಕ್ಕಿಯ ಕೂಗನ್ನೇ ಹಾಕಿ ಹಕ್ಕಿಯನ್ನು ಪದೇ ಪದೇ ಕರೆಯುವವರಿದ್ದಾರೆ. ಒಂದೇ ಥ್ರಶ್ ಸುತ್ತ ಇಪ್ಪತ್ತು ಜನ ಮೊಣಕಾಲೂರಿ, ತರಗನ್ನೆಲ್ಲ ತುಳಿದು ಚಾಪೆ ಮಾಡಿದ್ದನ್ನು ನೋಡಿದ್ದೇನೆ. ಮೊದಮೊದಲು ಆ ಇಪ್ಪತ್ತರಲ್ಲಿ ನಾನೂ ಒಬ್ಬ. ಹದಿನೈದು ಜನರ ನಿಯಮ, ದಾರಿ ಬಿಡಬಾರದು ಅನ್ನುವ ನಿಯಮ ಎಲ್ಲ ಆಮೇಲೆ ಬುದ್ಧಿ ಬಂದು ಮಾಡಿಕೊಂಡದ್ದು.

ಇನ್ನೊಂದು ಹಕ್ಕಿಯ ಹೆಸರು ಹೇಳದೆ ಮುಗಿಸಲಾರೆ. ನೀಲಗಿರಿ ಕಾಡುಪಾರಿವಾಳ. ಕತ್ತಿನ ಹಿಂದೆ ಕಪ್ಪು ಬಿಳಿ ಚೌಕುಳಿ. ಅದರ ಮನೆ ಪಶ್ಚಿಮ ಘಟ್ಟ. ಘಟ್ಟದಿಂದ ಇಷ್ಟು ದೂರದಲ್ಲಿ, ಬಯಲುಸೀಮೆಯ ನಡುವೆ, ನಂದಿಯ ಈ ಚೂರು ಕಾಡಿನಲ್ಲಿ ಅದೂ ಇದೆ. ಜಗತ್ತಿನಲ್ಲೇ ಅಳಿವಿನ ಅಪಾಯದ ಪಟ್ಟಿಯಲ್ಲಿರುವ ಹಕ್ಕಿ. ಕೆಳಗಿನ ಬಂಡೆ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ, ಅದೂ ಅದೇ ಪಟ್ಟಿಯದು, ದಕ್ಷಿಣ ಭಾರತದ ಕಲ್ಲುಬೆಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಹಕ್ಕಿಗಳ ಮಹತ್ವದ ತಾಣ ಅಂತ ನಂದಿಗೆ ಅಂತರರಾಷ್ಟ್ರೀಯ ಮಾನ್ಯತೆ ಇರುವುದು ಸೂರ್ಯೋದಯದಿಂದಲ್ಲ. ಪಾರಿವಾಳ ಅವತ್ತು ನಮಗೆ ಕಾಣಲಿಲ್ಲ. ಎರಡು ಸಲ ರೆಕ್ಕೆಯ ಪಟಪಟ ಮಾತ್ರ ಕೇಳಿತು.

ಸರ್, ಮುಂದಿನ ನಡಿಗೆಗೂ ಬನ್ನಿ. ಕೆಂಪು ಜಾಕೆಟ್ ಬೇಡ, ಮಣ್ಣಿನ ಬಣ್ಣದ್ದು ಏನಾದರೂ ಹಾಕಿಕೊಳ್ಳಿ. ಎಂಟು ಗಂಟೆಗೆ ಅಮೃತ ಸರೋವರದ ಹತ್ತಿರ ಸೇರುತ್ತೇವೆ. ಒಂದು ಹಳೆಯ ಅಕ್ಕಿಚೀಲ ತನ್ನಿ. ದಾರಿಯಿಂದ ಕೈಗೆಟುಕುವಷ್ಟು ದೂರದ ಕವರುಗಳನ್ನು ಆರಿಸೋಣ, ಎಲೆಯನ್ನು ಅಲ್ಲೇ ಬಿಟ್ಟು. ಹುಡುಗ ಬರುತ್ತಾನೆ, ಎಲೆಯ ಆ ಸೊಳ್ಳೆಪರದೆಯನ್ನು ಪುಸ್ತಕದಲ್ಲಿಟ್ಟು ಶಾಲೆಗೆ ಒಯ್ದಿದ್ದನಂತೆ. ಅಜ್ಜಿಯೂ ಬರುತ್ತಾರೆ. ಹೋದ ಸಲ ಅವರು ಒಂದು ಹಿಡಿ ಕಪ್ಪು ಪುಡಿಯನ್ನು ಮನೆಯ ತುಳಸಿ ಗಿಡಕ್ಕೆ ಅಂತ ಸೆರಗಿಗೆ ಕಟ್ಟಿಕೊಂಡಿದ್ದರು. ಬೇಡ ಅಂದೆ. ಗೊಣಗುತ್ತಲೇ ಸೆರಗು ಬಿಚ್ಚಿ, ಕಾಫಿ ಗಿಡದ ಬುಡಕ್ಕೆ ಕೊಡವಿದರು.

ಇಂತಿ,
ಬೆಟ್ಟದ ಬುಡದ ಊರಿನವನು